ಪ್ರಶ್ನಾವಳಿಗೂ ಒಂದು ಪರೀಕ್ಷೆ

‘ಗಣಿತದ ತರಗತಿ ನನಗೆ ಇಷ್ಟ.’ ಈ ವಾಕ್ಯದ ಮುಂದೆ ಐದು ಚೌಕಗಳಿವೆ: ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ಹೇಳಲಾರೆ, ಒಪ್ಪುವುದಿಲ್ಲ, ಸ್ವಲ್ಪವೂ ಒಪ್ಪುವುದಿಲ್ಲ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎರಡನೆಯ ಚೌಕಕ್ಕೆ ಗುರುತು ಹಾಕುತ್ತಾಳೆ. ಆ ಗುರುತು ‘4’ ಎಂಬ ಅಂಕಿಯಾಗುತ್ತದೆ. ಅಂಥ ಸಾವಿರಾರು ಅಂಕಿಗಳು ಸೇರಿ ಪಿಎಚ್.ಡಿ. ಪ್ರಬಂಧವಾಗುತ್ತವೆ, ಇಲಾಖೆಯ ವರದಿಯಾಗುತ್ತವೆ, ಕೆಲವೊಮ್ಮೆ ಸರ್ಕಾರದ ಯೋಜನೆಯೊಂದರ ಅಳಿವು ಉಳಿವನ್ನೇ ತೀರ್ಮಾನಿಸುತ್ತವೆ. ಆದರೆ ಆ ‘4’ ಅಳೆದದ್ದು ಏನನ್ನು? ಗಣಿತದ ಮೇಲಿನ ಒಲವನ್ನೋ, ಮೇಷ್ಟರ ಮೇಲಿನ ಗೌರವವನ್ನೋ, ಒಳ್ಳೆಯ ಹುಡುಗಿ ಎನಿಸಿಕೊಳ್ಳುವ ಆಸೆಯನ್ನೋ?

ಮಕ್ಕಳಿಗೆ ಪರೀಕ್ಷೆ ಮಾಡುವುದು ಹಳೆಯ ಪದ್ಧತಿ. ಮಕ್ಕಳ ಮುಂದಿಡುವ ಪ್ರಶ್ನೆಗಳನ್ನೇ ಪರೀಕ್ಷೆಗೆ ಒಡ್ಡುವ ವಿದ್ಯೆ ಮಾತ್ರ ಇಪ್ಪತ್ತನೆಯ ಶತಮಾನದ್ದು. ಇಂದು ಅದರ ಮುಖ್ಯ ಸಾಧನ ‘ಸ್ಟ್ರಕ್ಚರಲ್ ಈಕ್ವೇಶನ್ ಮಾಡೆಲಿಂಗ್’, ಅಂದರೆ ರಚನಾತ್ಮಕ ಸಮೀಕರಣ ಮಾದರಿ. ಸೇನೆ ಬಿಟ್ಟು ಬಂದ ಅಧಿಕಾರಿ, ಗಿನಿಪಿಗ್ ಸಾಕಿದ ತಳಿವಿಜ್ಞಾನಿ, ಸ್ವೀಡನ್ನಿನ ಸಂಖ್ಯಾಶಾಸ್ತ್ರಜ್ಞ, ಬಳ್ಳಾರಿ ಸೀಮೆಯಲ್ಲಿ ಹುಟ್ಟಿದ ಮಹಾ ಗಣಿತಜ್ಞ, ಹೀಗೆ ಎಲ್ಲೆಲ್ಲಿನವರೋ ಕೈ ಹಚ್ಚಿ ಕಟ್ಟಿದ ವಿದ್ಯೆ ಅದು.

ಹಳ್ಳಿ ಶಾಲೆಯಿಂದ ಹೊರಟ ಲೆಕ್ಕ

ಚಾರ್ಲ್ಸ್ ಸ್ಪಿಯರ್‌ಮನ್ ಬ್ರಿಟಿಷ್ ಸೇನೆಯ ಅಧಿಕಾರಿಯಾಗಿ ಬರ್ಮಾದಲ್ಲಿ ಸೇವೆ ಸಲ್ಲಿಸಿದ್ದವರು. ಮೂವತ್ತು ದಾಟಿದ ಮೇಲೆ ಸೇನೆಯ ಕೆಲಸ ಬಿಟ್ಟು ಜರ್ಮನಿಯ ಲೈಪ್‌ಜಿಗ್‌ಗೆ ಹೋಗಿ ವಿಲ್ಹೆಲ್ಮ್ ವುಂಡ್ಟ್ ಅವರ ಬಳಿ ಮನಶ್ಶಾಸ್ತ್ರ ಕಲಿಯಲು ಕುಳಿತರು. ಇಪ್ಪತ್ತನೆಯ ಶತಮಾನ ಆಗಷ್ಟೇ ಆರಂಭವಾಗಿತ್ತು. ಇಂಗ್ಲೆಂಡಿನ ಬರ್ಕ್‌ಶೈರಿನ ಒಂದು ಹಳ್ಳಿ ಶಾಲೆಯ ಮಕ್ಕಳಿಗೆ ಅವರು ಧ್ವನಿಯ ಏರಿಳಿತ, ಬೆಳಕಿನ ತೀವ್ರತೆ, ತೂಕದ ವ್ಯತ್ಯಾಸ ಗುರುತಿಸುವ ಪರೀಕ್ಷೆಗಳನ್ನು ಕೊಟ್ಟರು. ಮಕ್ಕಳ ಜಾಣತನದ ಬಗ್ಗೆ ಅಧ್ಯಾಪಕರ ಅಭಿಪ್ರಾಯವನ್ನೂ ಪಡೆದರು. ಇನ್ನೊಂದು ಶಾಲೆಯಿಂದ ಗ್ರೀಕ್-ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್, ಗಣಿತ ಮತ್ತು ಸಂಗೀತದ ಸ್ಥಾನಗಳನ್ನು ಸಂಗ್ರಹಿಸಿದರು.

1904ರಲ್ಲಿ ಪ್ರಕಟವಾದ ಅವರ ಪಟ್ಟಿಯನ್ನು ಈಗ ನೋಡಿದರೂ ಕುತೂಹಲ ಕೆರಳುತ್ತದೆ. ಪ್ರಾಚೀನ ಭಾಷೆಗಳಲ್ಲಿ ಮುಂದಿದ್ದ ಹುಡುಗರೇ ಫ್ರೆಂಚಿನಲ್ಲೂ ಮುಂದಿದ್ದರು. ಅವೆರಡರ ಸಹಸಂಬಂಧ, ಅಂದರೆ ಎರಡು ಅಳತೆಗಳು ಜೊತೆಯಾಗಿ ಏರಿಳಿಯುವ ಮಟ್ಟ, 0.83. ಇಂಗ್ಲಿಷಿನೊಂದಿಗೆ ಅದು 0.78, ಗಣಿತದೊಂದಿಗೆ 0.70, ಸಂಗೀತದೊಂದಿಗೆ 0.63. ಯಾವ ಎರಡು ವಿಷಯಗಳನ್ನು ಜೋಡಿಸಿದರೂ ಸಂಬಂಧ ಇದ್ದೇ ಇತ್ತು, ಮತ್ತು ಆ ಸಂಬಂಧಗಳು ಒಂದು ಕ್ರಮದಲ್ಲಿ ಇಳಿಯುತ್ತಿದ್ದವು. ಕಣ್ಣಿಗೆ ಕಾಣದ ಒಂದೇ ಕಾರಣ ಇವೆಲ್ಲದರ ಹಿಂದಿದೆ ಎಂದು ಸ್ಪಿಯರ್‌ಮನ್ ವಾದಿಸಿದರು. ಅದನ್ನು ಅವರು ಸಾಮಾನ್ಯ ಬುದ್ಧಿಶಕ್ತಿ ಎಂದು ಕರೆದರು. ಅಪವರ್ತನ ವಿಶ್ಲೇಷಣೆ, ಅಂದರೆ ಫ್ಯಾಕ್ಟರ್ ಅನಾಲಿಸಿಸ್, ಹುಟ್ಟಿದ್ದು ಹೀಗೆ.

ಆ ಬುದ್ಧಿಶಕ್ತಿಯ ವಾದ ಇಂದಿಗೂ ವಿವಾದದಲ್ಲಿದೆ. ಅದೇ ವರ್ಷ ಅವರು ಬರೆದ ಇನ್ನೊಂದು ಪ್ರಬಂಧದ ಸತ್ಯ ಮಾತ್ರ ಯಾರೂ ಅಲ್ಲಗಳೆಯದಂಥದ್ದು: ಅಳತೆಯಲ್ಲಿ ದೋಷವಿದ್ದರೆ ಸಂಬಂಧಗಳು ಇರುವುದಕ್ಕಿಂತ ಕ್ಷೀಣವಾಗಿ ಕಾಣುತ್ತವೆ. ಎರಡು ಪ್ರಶ್ನಾವಳಿಗಳ ವಿಶ್ವಸನೀಯತೆ ತಲಾ 0.64 ಎಂದಿಟ್ಟುಕೊಳ್ಳಿ. ಅವುಗಳ ನಡುವೆ ಕಂಡ ಸಹಸಂಬಂಧ 0.40 ಆಗಿದ್ದರೆ, ದೋಷವನ್ನು ತೆಗೆದು ನೋಡಿದಾಗ ಅದು 0.62ಕ್ಕೂ ಸ್ವಲ್ಪ ಹೆಚ್ಚು. ಅಂದರೆ ಕೆಟ್ಟ ಪ್ರಶ್ನೆ ಕೇಳಿದವನಿಗೆ ಸಿಗುವುದು ತಪ್ಪು ಉತ್ತರವಷ್ಟೇ ಅಲ್ಲ. ಇರುವ ಸಂಬಂಧವೂ ಅವನ ಕಣ್ಣಿಗೆ ಮಸುಕಾಗುತ್ತದೆ. ಶಿಕ್ಷಣ ಸಂಶೋಧನೆಯಲ್ಲಿ ಮುಂದೆ ನಡೆದ ದೊಡ್ಡ ಜಗಳಗಳ ಬೇರು ಇಲ್ಲೇ ಇದೆ.

ಈ ಚಿಂತನೆ ನಮ್ಮ ನಾಡಿಗೂ ಬೇಗನೆ ತಲುಪಿತು. ಮುಂದೆ 1935ರಲ್ಲಿ ಮೈಸೂರಿನಲ್ಲಿ ರೇಡಿಯೊ ಕೇಂದ್ರ ಆರಂಭಿಸಿ ಹೆಸರಾದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಅಭ್ಯಾಸ ಮಾಡಿದ್ದವರು. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು ಅವರೇ. ವಿ.ವಿ. ಕಾಮತ್ ಅವರು ಫ್ರಾನ್ಸಿನ ಬಿನೆ ಬುದ್ಧಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ಪರಿಷ್ಕರಿಸಿ, 1934ರಲ್ಲಿ ಆ ಕೆಲಸವನ್ನು ಬ್ರಿಟನ್ನಿನ ಶೈಕ್ಷಣಿಕ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟಿಸಿದರು. ಪರದೇಶದ ಪ್ರಶ್ನೆಗಳನ್ನು ಭಾಷಾಂತರಿಸಿ ಹಂಚಿದರೆ ಸಾಲದು, ಇಲ್ಲಿನ ಮಕ್ಕಳ ಮುಂದಿಟ್ಟು ಮತ್ತೆ ತೂಗಿ ನೋಡಬೇಕು ಎಂಬ ಅರಿವು ಸುಮಾರು ತೊಂಬತ್ತು ವರ್ಷಗಳ ಹಿಂದೆಯೇ ಕನ್ನಡ ಮಕ್ಕಳ ವಿಷಯದಲ್ಲಿ ಕಾರ್ಯರೂಪಕ್ಕೆ ಬಂದಿತ್ತು ಎಂಬುದು ನೆನಪಿಡಬೇಕಾದ ಸಂಗತಿ.

ಐದು ಚೌಕಗಳು, ಒಂದು ಸೂತ್ರ

ಐದು ಚೌಕಗಳ ಪ್ರಶ್ನಾವಳಿ ಬಂದದ್ದು 1932ರಲ್ಲಿ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡುತ್ತಿದ್ದ ರೆನ್ಸಿಸ್ ಲಿಕರ್ಟ್, ಜನರ ಮನೋಭಾವ ಅಳೆಯಲು ಸರಳ ದಾರಿ ಹುಡುಕುತ್ತಿದ್ದರು. ಅಂದು ಚಾಲ್ತಿಯಲ್ಲಿದ್ದ ಲೂಯಿ ಥರ್ಸ್ಟನ್ ಅವರ ವಿಧಾನದಲ್ಲಿ ಪ್ರತಿ ಹೇಳಿಕೆಯ ತೂಕವನ್ನು ಹಲವಾರು ತೀರ್ಪುಗಾರರಿಂದ ಮೊದಲು ನಿರ್ಧರಿಸಿಕೊಳ್ಳಬೇಕಿತ್ತು. ಲಿಕರ್ಟ್ ಆ ಶ್ರಮವನ್ನು ಬಿಟ್ಟು, ಉತ್ತರಗಳಿಗೆ 1ರಿಂದ 5ರವರೆಗೆ ಅಂಕ ಕೊಟ್ಟು ಕೂಡಿಸಿದರು. ಫಲಿತಾಂಶ ಹೆಚ್ಚುಕಡಿಮೆ ಅದೇ ಬಂತು. ಸುಲಭವಾದದ್ದು ಬೇಗ ಹರಡುತ್ತದೆ. ಲಿಕರ್ಟ್ ಮಾಪನ ಜಗತ್ತಿನ ಶಾಲೆಗಳನ್ನೆಲ್ಲ ಹೊಕ್ಕಿತು.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು, ಎಲ್ಲ ಅಕ್ಕಿಯೂ ಒಂದೇ ನೀರಿನಲ್ಲಿ ಕುದಿದಿರುತ್ತದೆ. ಮನಸ್ಸಿನ ವಿಷಯದಲ್ಲಿ ಆ ಭರವಸೆ ಇಲ್ಲ. ಆದ್ದರಿಂದಲೇ ಒಂದೇ ಗುಣವನ್ನು ಅಳೆಯಲು ಹತ್ತಾರು ಹೇಳಿಕೆಗಳು ಬೇಕಾಗುತ್ತವೆ, ಮತ್ತು ಅವು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಬೇಕಾಗುತ್ತದೆ. ಇದಕ್ಕೆ 1951ರಲ್ಲಿ ಲೀ ಕ್ರಾನ್‌ಬ್ಯಾಕ್ ಒಂದು ಸೂತ್ರವನ್ನು ವಿವರಿಸಿ ‘ಆಲ್ಫಾ’ ಎಂದು ಹೆಸರಿಟ್ಟರು. ಇಂದು ನಮ್ಮ ಯಾವ ಎಂ.ಎಡ್. ಪ್ರಬಂಧ ತೆರೆದರೂ ‘ಆಲ್ಫಾ 0.8ಕ್ಕಿಂತ ಹೆಚ್ಚಿದೆ, ಆದ್ದರಿಂದ ಸಾಧನ ಉತ್ತಮವಾಗಿದೆ’ ಎಂಬ ಧಾಟಿಯ ಮಾತು ಕಣ್ಣಿಗೆ ಬೀಳುತ್ತದೆ.

ಆ ಮಾತು ಎಷ್ಟು ಸಡಿಲ ಎಂದು ತಿಳಿಯಲು ಸಣ್ಣ ಲೆಕ್ಕವೊಂದು ಸಾಕು. 6 ಪ್ರಶ್ನೆಗಳಿವೆ, ಅವುಗಳ ನಡುವಿನ ಸರಾಸರಿ ಸಹಸಂಬಂಧ ಬರೀ 0.20. ಆಗ ಆಲ್ಫಾ 0.60. ಅಷ್ಟೇ ದುರ್ಬಲ ಸಂಬಂಧವಿರುವ 20 ಪ್ರಶ್ನೆಗಳನ್ನು ಇಟ್ಟರೆ ಆಲ್ಫಾ 0.83ಕ್ಕೆ ಏರುತ್ತದೆ. ಪ್ರಶ್ನೆಗಳ ಗುಣ ಒಂದಿಷ್ಟೂ ಬದಲಾಗಿಲ್ಲ, ಸಂಖ್ಯೆ ಮಾತ್ರ ಹೆಚ್ಚಿದೆ. ಆ 20 ಪ್ರಶ್ನೆಗಳು ಒಂದೇ ಗುಣವನ್ನು ಅಳೆಯುತ್ತಿವೆಯೋ ಮೂರನ್ನೋ ಎಂಬುದನ್ನು ಆಲ್ಫಾ ಹೇಳುವುದೇ ಇಲ್ಲ. ಕ್ರಾನ್‌ಬ್ಯಾಕ್ ಸ್ವತಃ ಕೊನೆಗಾಲದಲ್ಲಿ ಆಲ್ಫಾದ ಅತಿಬಳಕೆಯನ್ನು ಮರುಚಿಂತಿಸಿದರು. ಅವರು ತೀರಿಕೊಂಡ ಮೇಲೆ, 2004ರಲ್ಲಿ, ಆ ಟಿಪ್ಪಣಿಗಳು ರಿಚರ್ಡ್ ಶಾವೆಲ್ಸನ್ ಅವರ ನೆರವಿನಿಂದ ಪ್ರಕಟವಾದವು.

ಅದೇ ಕ್ರಾನ್‌ಬ್ಯಾಕ್ 1955ರಲ್ಲಿ ಪಾಲ್ ಮೀಲ್ ಜೊತೆ ಬರೆದ ಪ್ರಬಂಧ ಇನ್ನೂ ಆಳವಾದದ್ದು. ಉದ್ದ ಅಳೆಯಲು ಮೀಟರ್ ಪಟ್ಟಿ ಇದೆ. ‘ಆತ್ಮವಿಶ್ವಾಸ’ವನ್ನು ಹೋಲಿಸಿ ನೋಡಲು ಅಂಥ ಪಟ್ಟಿ ಎಲ್ಲಿದೆ? ಇಲ್ಲವಾದ್ದರಿಂದ, ಆ ಗುಣ ಬೇರೆ ಯಾವ ಯಾವ ಗುಣಗಳ ಜೊತೆ ಹೇಗೆ ಸಂಬಂಧಿಸಿರಬೇಕು ಎಂದು ಸಿದ್ಧಾಂತ ಹೇಳುತ್ತದೋ ಆ ಸಂಬಂಧಗಳ ಇಡೀ ಬಲೆ ವಾಸ್ತವದಲ್ಲಿ ಕಾಣಬೇಕು. ಆಗ ಮಾತ್ರ ಸಾಧನದ ಸಪ್ರಮಾಣತೆಯ, ಅಂದರೆ ಅದು ಅಳೆಯಬೇಕಾದದ್ದನ್ನೇ ಅಳೆಯುತ್ತದೆ ಎಂಬುದರ, ಮಾತಾಡಬಹುದು. ತತ್ವವೇನೋ ಸ್ಪಷ್ಟವಾಗಿತ್ತು. ಆದರೆ ಇಡೀ ಬಲೆಯನ್ನು ಒಮ್ಮೆಗೇ ಪರೀಕ್ಷಿಸುವ ಗಣಿತ ಆಗ ಕೈಯಲ್ಲಿರಲಿಲ್ಲ.

ಗಿನಿಪಿಗ್‌ಗಳ ಮೈಮೇಲಿನ ಮಚ್ಚೆ

ಆ ಗಣಿತದ ಅರ್ಧ ಭಾಗ ಬೇರೊಂದು ಕ್ಷೇತ್ರದಲ್ಲಿ ಆಗಲೇ ಹುಟ್ಟಿತ್ತು. ಅಮೆರಿಕದ ಕೃಷಿ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ಸೀವಾಲ್ ರೈಟ್ ಅವರಿಗೆ ಒಂದು ಪ್ರಶ್ನೆ ಕಾಡುತ್ತಿತ್ತು: ಗಿನಿಪಿಗ್‌ಗಳ ಮೈಮೇಲಿನ ಬಿಳಿ ಮಚ್ಚೆಗಳಲ್ಲಿ ವಂಶದ ಪಾಲೆಷ್ಟು, ಪರಿಸರದ ಪಾಲೆಷ್ಟು? 1920ರಲ್ಲಿ ಉತ್ತರ ಹುಡುಕುವಾಗ ಅವರು ಕಾರಣದಿಂದ ಪರಿಣಾಮದ ಕಡೆಗೆ ಬಾಣ ಎಳೆದು, ಪ್ರತಿ ಬಾಣಕ್ಕೂ ಒಂದು ಸಂಖ್ಯೆ ಕೊಟ್ಟರು. ಮರುವರ್ಷ ‘ಸಹಸಂಬಂಧ ಮತ್ತು ಕಾರಣ’ ಎಂಬ ವಿಷಯದ ಮೇಲೆ ದೀರ್ಘ ಪ್ರಬಂಧ ಬರೆದು ವಿಧಾನವನ್ನು ವಿಸ್ತರಿಸಿದರು. ಸಂಖ್ಯಾಶಾಸ್ತ್ರಜ್ಞರು ಅದನ್ನು ಒಪ್ಪಲಿಲ್ಲ. ಲೆಕ್ಕದಿಂದ ಕಾರಣವನ್ನು ಸಾಬೀತು ಮಾಡಲಾಗದು ಎಂಬುದು ಅವರ ಆಕ್ಷೇಪ. ಕಾರಣದ ಬಗೆಗಿನ ತಿಳಿವಳಿಕೆಯನ್ನು ಸಂಶೋಧಕನೇ ತರಬೇಕು, ವಿಧಾನ ಅದರ ಪರಿಣಾಮವನ್ನಷ್ಟೇ ಲೆಕ್ಕ ಹಾಕುತ್ತದೆ ಎಂದು ರೈಟ್ ಉತ್ತರಿಸಿದರು. ನೂರು ವರ್ಷಗಳ ನಂತರವೂ ಈ ವಿದ್ಯೆಯ ಮೊದಲ ಪಾಠ ಅದೇ.

ಬಾಣಗಳ ಚಿತ್ರ ಬಹುಕಾಲ ತಳಿವಿಜ್ಞಾನದಲ್ಲೇ ಉಳಿಯಿತು. 1966ರಲ್ಲಿ ಓಟಿಸ್ ಡಡ್ಲಿ ಡಂಕನ್ ಅದನ್ನು ಸಮಾಜಶಾಸ್ತ್ರಕ್ಕೆ ತಂದರು. ಅದಾಗಿ ಎರಡು ವರ್ಷಕ್ಕೆ ಅವರು ಹಾಲರ್ ಮತ್ತು ಪೋರ್ಟಿಸ್ ಜೊತೆಗೂಡಿ ಮಿಶಿಗನ್ ರಾಜ್ಯದ ಹದಿಹರೆಯದ ಹುಡುಗರ ಓದಿನ ಮತ್ತು ಉದ್ಯೋಗದ ಆಕಾಂಕ್ಷೆಗಳನ್ನು ವಿಶ್ಲೇಷಿಸಿದರು: ನಾನು ಓದಬೇಕು ಎನ್ನುವುದು ನನ್ನ ಸ್ನೇಹಿತನ ಆಸೆಯನ್ನು ಎಷ್ಟು ಬದಲಿಸುತ್ತದೆ, ಅವನದು ನನ್ನದನ್ನು ಎಷ್ಟು ಬದಲಿಸುತ್ತದೆ? ಶಿಕ್ಷಣದ ಪ್ರಶ್ನೆಯೊಂದು ಹೀಗೆ ಬಾಣಗಳ ಭಾಷೆಗೆ ಬಂತು.

ಪ್ರಿನ್ಸ್‌ಟನ್, ಮ್ಯಾಡಿಸನ್, ಉಪ್ಸಾಲ

ಇತ್ತ ಅಪವರ್ತನ ವಿಶ್ಲೇಷಣೆಯೂ ಒಂದು ಗೋಡೆಗೆ ಹಾಯ್ದು ನಿಂತಿತ್ತು. 1940ರಲ್ಲೇ ಎಡಿನ್‌ಬರೋದ ಡೆರಿಕ್ ಲಾಲಿ ಅದಕ್ಕೆ ಗಟ್ಟಿಯಾದ ಸಂಖ್ಯಾಶಾಸ್ತ್ರೀಯ ಸಮೀಕರಣಗಳನ್ನು ಬರೆದಿದ್ದರು. ಅವನ್ನು ಬಿಡಿಸುವುದು ಕೈಲೆಕ್ಕದಲ್ಲಿ ಅಸಾಧ್ಯವೆನ್ನುವಷ್ಟು ಕಷ್ಟ. ಬಿಡಿಸಿದವರು ಸ್ವೀಡನ್ನಿನ ಕಾರ್ಲ್ ಯೋರೆಸ್ಕೋಗ್. ಉಪ್ಸಾಲದಲ್ಲಿ ಹರ್ಮನ್ ವೋಲ್ಡ್ ಅವರ ವಿದ್ಯಾರ್ಥಿಯಾಗಿದ್ದ ಅವರು, ಅರವತ್ತರ ದಶಕದಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನ ಎಜುಕೇಶನಲ್ ಟೆಸ್ಟಿಂಗ್ ಸರ್ವಿಸ್ ಸೇರಿದರು. ಕಾಲೇಜು ಪ್ರವೇಶಕ್ಕೆ ಬಳಸುವ ಪರೀಕ್ಷೆಗಳನ್ನು ನಡೆಸುತ್ತಿದ್ದ ಸಂಸ್ಥೆ ಅದು, ಕಂಪ್ಯೂಟರು ಅಲ್ಲಿತ್ತು. ಹೊಸದಾಗಿ ಬಂದಿದ್ದ ಗಣನ ವಿಧಾನವೊಂದನ್ನು ಬಳಸಿ 1967ರಲ್ಲಿ ಲಾಲಿಯವರ ಸಮೀಕರಣಗಳನ್ನು ಅವರು ಪಳಗಿಸಿದರು. 1969ರಲ್ಲಿ ‘ದೃಢೀಕರಣ ಅಪವರ್ತನ ವಿಶ್ಲೇಷಣೆ’ಯನ್ನು ಮುಂದಿಟ್ಟರು.

ಹಿಂದಿನ ಪದ್ಧತಿಯಲ್ಲಿ ಪ್ರಶ್ನೆಗಳನ್ನು ಕಂಪ್ಯೂಟರಿಗೆ ಹಾಕಿದರೆ ಅವು ಎಷ್ಟು ಗುಂಪಾಗುತ್ತವೆ ಎಂದು ಅದೇ ಹೇಳುತ್ತಿತ್ತು. ಸಂಶೋಧಕ ಆಮೇಲೆ ಗುಂಪುಗಳಿಗೆ ಹೆಸರಿಡುತ್ತಿದ್ದ. ಹೊಸ ಪದ್ಧತಿಯಲ್ಲಿ ಸಂಶೋಧಕ ಮೊದಲೇ ಮಾತು ಕೊಡಬೇಕು: ಈ ಮೂರು ಪ್ರಶ್ನೆಗಳು ಈ ಗುಣದವು, ಬೇರೆ ಗುಣಕ್ಕೂ ಇವಕ್ಕೂ ನೇರ ಸಂಬಂಧವಿಲ್ಲ. ಆಮೇಲೆ ದತ್ತಾಂಶ ಆ ಮಾತನ್ನು ಒಪ್ಪುತ್ತದೆಯೋ ಇಲ್ಲವೋ ನೋಡಬೇಕು. ಸಂಶೋಧಕ ಸೋಲುವ ಸಾಧ್ಯತೆ ಇರುವ ಪರೀಕ್ಷೆ ಇದು. ಅದರ ಘನತೆ ಇರುವುದೇ ಅಲ್ಲಿ.

ಯೋರೆಸ್ಕೋಗ್ ಉದಾಹರಣೆಗೆ ಆರಿಸಿಕೊಂಡದ್ದು 1939ರ ಹಳೆಯ ದತ್ತಾಂಶ. ಸ್ಪಿಯರ್‌ಮನ್ ಅವರ ಜೊತೆ ಕೆಲಸ ಮಾಡಿದ್ದ ಶಿಕಾಗೊದ ಕಾರ್ಲ್ ಹೋಲ್ಜಿಂಗರ್ ಮತ್ತು ಫ್ರಾನ್ಸಿಸ್ ಸ್ವೈನ್‌ಫರ್ಡ್ ಎರಡು ಶಾಲೆಗಳ 301 ಮಕ್ಕಳಿಗೆ ಹಲವು ಪರೀಕ್ಷೆ ಕೊಟ್ಟಿದ್ದರು. ಪಾಶ್ಚರ್ ಶಾಲೆಯ 156 ಮಕ್ಕಳು, ಗ್ರಾಂಟ್-ವೈಟ್ ಶಾಲೆಯ 145 ಮಕ್ಕಳು, ಎಲ್ಲರೂ ಏಳು ಎಂಟನೆಯ ತರಗತಿಯವರು. ಇಂದು ಜಗತ್ತಿನಲ್ಲಿ ಈ ವಿದ್ಯೆ ಕಲಿಯುವ ಬಹುಪಾಲು ವಿದ್ಯಾರ್ಥಿಗಳು ಮೊದಲು ತೆರೆಯುವುದು ಇದೇ ಕಡತವನ್ನು. ಹಾಗಾಗಿ ಅದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು.

ಅದರಲ್ಲಿನ 9 ಪರೀಕ್ಷೆಗಳನ್ನು ತೆಗೆದುಕೊಳ್ಳೋಣ. ಮೂರು ದೃಷ್ಟಿಗೆ ಸಂಬಂಧಿಸಿದವು: ಆಕೃತಿ ಗುರುತಿಸುವುದು, ಘನಗಳು, ವಜ್ರಾಕೃತಿಗಳು. ಮೂರು ಭಾಷೆಯವು: ಪರಿಚ್ಛೇದದ ಗ್ರಹಿಕೆ, ವಾಕ್ಯ ಪೂರೈಸುವುದು, ಪದಗಳ ಅರ್ಥ. ಉಳಿದ ಮೂರು ವೇಗದವು: ಬೇಗ ಕೂಡುವುದು, ಚುಕ್ಕಿ ಎಣಿಸುವುದು, ನೇರ ಗೆರೆಯ ಮತ್ತು ಬಾಗಿದ ಗೆರೆಯ ದೊಡ್ಡಕ್ಷರಗಳನ್ನು ಬೇಗ ಬೇರ್ಪಡಿಸುವುದು. ಒಂಬತ್ತು ಪರೀಕ್ಷೆಗಳ ಏರಿಳಿತಗಳು ಒಂಬತ್ತು, ಅವುಗಳ ನಡುವಿನ ಜೋಡಿ ಸಂಬಂಧಗಳು 36. ಒಟ್ಟು 45 ಸಂಖ್ಯೆಗಳು. ಮೂರು ಗುಣಗಳ ಮಾದರಿ ತನ್ನ ಕಡೆಯಿಂದ ಅಂದಾಜು ಮಾಡುವುದು 21 ಸಂಖ್ಯೆಗಳನ್ನು. ಉಳಿದ 24 ಸಂಖ್ಯೆಗಳ ಮಟ್ಟಿಗೆ ಮಾದರಿಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ, ಅಲ್ಲಿ ಅದು ದತ್ತಾಂಶಕ್ಕೆ ಲೆಕ್ಕ ಒಪ್ಪಿಸಲೇಬೇಕು.

ಲೆಕ್ಕ ಹೀಗೆ ಬರುತ್ತದೆ. ಭಾಷೆಯ ಮೂರು ಪರೀಕ್ಷೆಗಳೂ ತಮ್ಮ ಗುಣಕ್ಕೆ 0.84ರಿಂದ 0.86ರವರೆಗಿನ ಬಿಗಿಯಾದ ನಂಟು ತೋರಿಸುತ್ತವೆ. ದೃಷ್ಟಿಯ ಗುಂಪಿನ ‘ಘನಗಳು’ ಪರೀಕ್ಷೆಯ ನಂಟು ಬರೀ 0.42. ಮಾದರಿಗೂ ದತ್ತಾಂಶಕ್ಕೂ ಒಟ್ಟಾರೆ ಇರುವ ಅಂತರವನ್ನು ತೋರಿಸುವ ಕೈ-ವರ್ಗ (ಕೈ-ಸ್ಕ್ವೇರ್) 85.3, ಅದು 24ರ ಆಸುಪಾಸಿನಲ್ಲಿರಬೇಕಿತ್ತು. ಅಂದರೆ ಪಠ್ಯಪುಸ್ತಕಗಳ ಪ್ರಸಿದ್ಧ ಉದಾಹರಣೆಯೇ ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಎಲ್ಲಿ ಎಡವಿತು ಎಂದು ಹುಡುಕಿದರೆ ಅಕ್ಷರ ಬೇರ್ಪಡಿಸುವ ಪರೀಕ್ಷೆಯತ್ತ ಬೆರಳು ಹೋಗುತ್ತದೆ. ಅದನ್ನು ವೇಗದ ಗುಂಪಿನಲ್ಲಿಟ್ಟಿದ್ದೆವು, ಆದರೆ ನೇರ ಗೆರೆ ಬಾಗು ಗೆರೆಗಳನ್ನು ಬೇರ್ಪಡಿಸಲು ಕಣ್ಣೂ ಚುರುಕಿರಬೇಕಲ್ಲವೇ? ನಾವು ಗಮನಿಸದಿದ್ದ ಸತ್ಯವೊಂದನ್ನು ಲೆಕ್ಕ ಎತ್ತಿ ತೋರಿಸಿತು.

ಹೀಗೆ ಎಡವಿದ ಜಾಗ ತೋರಿಸುವ ಸೂಚ್ಯಂಕದ ಅಡಿಪಾಯ ಹಾಕಿದವರು ಸಿ.ಆರ್. ರಾವ್. 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ ಅವರು 1948ರಲ್ಲಿ ಪ್ರಕಟಿಸಿದ ‘ಸ್ಕೋರ್ ಟೆಸ್ಟ್’ ತತ್ವವೇ ಇಂದಿನ ಎಲ್ಲ ತಂತ್ರಾಂಶಗಳಲ್ಲಿ ಮಾದರಿಯ ಲೋಪ ಹುಡುಕುವ ಸಾಧನವಾಗಿದೆ. ಬಳ್ಳಾರಿ ಸೀಮೆಯ ಪುಟ್ಟ ಊರೊಂದರ ಹೆಸರು ಈ ಚರಿತ್ರೆಯಲ್ಲಿ ಸೇರಿಕೊಂಡಿರುವುದು ನಮಗೆಲ್ಲ ಹೆಮ್ಮೆಯ ಸಂಗತಿ.

ಅಪವರ್ತನ ವಿಶ್ಲೇಷಣೆ ಮತ್ತು ಬಾಣಗಳ ಚಿತ್ರ, ಈ ಎರಡು ಧಾರೆಗಳೂ ಕೂಡಿದ್ದು 1970ರ ನವೆಂಬರಿನಲ್ಲಿ. ಅರ್ಥಶಾಸ್ತ್ರಜ್ಞ ಆರ್ಥರ್ ಗೋಲ್ಡ್‌ಬರ್ಗರ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯವಿರುವ ಮ್ಯಾಡಿಸನ್ ನಗರದಲ್ಲಿ ಒಂದು ಸಮ್ಮೇಳನ ಕರೆದರು. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಮನಶ್ಶಾಸ್ತ್ರದವರು ಒಂದೇ ಸಭೆಯಲ್ಲಿ ಕುಳಿತರು. ಅಲ್ಲಿ ಯೋರೆಸ್ಕೋಗ್ ಮಂಡಿಸಿದ ಮಾದರಿಯಲ್ಲಿ ಸ್ಪಿಯರ್‌ಮನ್ ಅವರ ಕಾಣದ ಗುಣಗಳೂ ಇದ್ದವು, ರೈಟ್ ಅವರ ಬಾಣಗಳೂ ಇದ್ದವು. ಪ್ರಶ್ನೆಗಳು ಗುಣವನ್ನು ಹೇಗೆ ಅಳೆಯುತ್ತವೆ ಎಂಬುದು ಅದರ ಒಂದು ಭಾಗ, ಗುಣಗಳು ಒಂದರ ಮೇಲೊಂದು ಹೇಗೆ ಪ್ರಭಾವ ಬೀರುತ್ತವೆ ಎಂಬುದು ಇನ್ನೊಂದು. ಕ್ರಾನ್‌ಬ್ಯಾಕ್ ಮತ್ತು ಮೀಲ್ ಕನಸಿದ ಸಂಬಂಧಗಳ ಬಲೆಗೆ ಕೊನೆಗೂ ಗಣಿತ ಸಿಕ್ಕಿತು. 1973ರಲ್ಲಿ ಆ ಪ್ರಬಂಧಗಳು ಪುಸ್ತಕವಾದವು. ರೈಟ್ ಅವರು ನಿವೃತ್ತರಾಗಿ ಆಗ ನೆಲೆಸಿದ್ದದ್ದೂ ಅದೇ ಮ್ಯಾಡಿಸನ್ನಿನಲ್ಲಿ. ಯೋರೆಸ್ಕೋಗ್ ಉಪ್ಸಾಲಕ್ಕೆ ಮರಳಿ ಡಾಗ್ ಸೋರ್ಬೊಮ್ ಜೊತೆ ‘ಲಿಸ್ರೆಲ್’ ತಂತ್ರಾಂಶವನ್ನು ಬೆಳೆಸಿದರು. ಎಂಟು ಗ್ರೀಕ್ ಅಕ್ಷರಗಳ ಕೋಷ್ಟಕಗಳನ್ನು ತಪ್ಪಿಲ್ಲದೆ ತುಂಬಿದರೆ ಮಾತ್ರ ಉತ್ತರ ಕೊಡುತ್ತಿದ್ದ ತಂತ್ರಾಂಶ ಅದು.

ಬಡ ಮಕ್ಕಳ ಯೋಜನೆಯೊಂದು ಕಟಕಟೆಯಲ್ಲಿ

ಇದೆಲ್ಲ ವಿದ್ವಾಂಸರ ಆಟವಷ್ಟೇ ಎಂದುಕೊಳ್ಳುವವರು ‘ಹೆಡ್ ಸ್ಟಾರ್ಟ್’ ಪ್ರಕರಣವನ್ನು ತಿಳಿಯಬೇಕು. ಬಡ ಕುಟುಂಬದ ಮಕ್ಕಳನ್ನು ಶಾಲೆಗೆ ಸಜ್ಜುಗೊಳಿಸಲು ಅಮೆರಿಕ ಸರ್ಕಾರ 1965ರಲ್ಲಿ ಆರಂಭಿಸಿದ ಯೋಜನೆಯದು. 1969ರಲ್ಲಿ ವೆಸ್ಟಿಂಗ್‌ಹೌಸ್ ಸಂಸ್ಥೆ ಮತ್ತು ಓಹಾಯೊ ವಿಶ್ವವಿದ್ಯಾಲಯದ ಮೌಲ್ಯಮಾಪನ ಹೊರಬಂತು: ಬೇಸಿಗೆ ಶಿಬಿರಗಳಿಂದ ಮಕ್ಕಳಿಗೆ ಪ್ರಯೋಜನ ಕಾಣಲಿಲ್ಲ.

ಮರುವರ್ಷವೇ ಡೊನಾಲ್ಡ್ ಕ್ಯಾಂಪ್‌ಬೆಲ್ ಮತ್ತು ಆಲ್ಬರ್ಟ್ ಅರ್ಲ್‌ಬಾಕರ್ ತಕರಾರು ಎತ್ತಿದರು. ಯೋಜನೆಯ ಮಕ್ಕಳು ಹೋಲಿಕೆಯ ಗುಂಪಿನ ಮಕ್ಕಳಿಗಿಂತ ಬಡವರು. ಆ ಅಂತರವನ್ನು ಸರಿದೂಗಿಸಲು ಬಳಸಿದ ಅಳತೆಗಳಲ್ಲಿ ದೋಷವಿದೆ. ದೋಷವಿರುವ ಅಳತೆಯಿಂದ ಸರಿದೂಗಿಸಿದರೆ ಅಂತರ ಪೂರ್ತಿ ತುಂಬುವುದಿಲ್ಲ. ತುಂಬದೆ ಉಳಿದ ಬಡತನದ ಭಾರವೆಲ್ಲ ಯೋಜನೆಯ ತಲೆಯ ಮೇಲೆ ಬೀಳುತ್ತದೆ. ಒಳ್ಳೆಯದನ್ನು ಮಾಡಿದ ಯೋಜನೆಯೂ ಹಾನಿ ಮಾಡಿದಂತೆ ಕಾಣಬಹುದು. 1904ರ ಸ್ಪಿಯರ್‌ಮನ್ ಸೂತ್ರ ಈಗ ಬಡ ಮಕ್ಕಳ ಭವಿಷ್ಯದ ಪ್ರಶ್ನೆಯಾಗಿ ನಿಂತಿತ್ತು.

1977ರಲ್ಲಿ ಜೇ ಮ್ಯಾಗಿಡ್‌ಸನ್ ಆ ದತ್ತಾಂಶದ ಸುಮಾರು 300 ಮಕ್ಕಳ ಮಾಹಿತಿಯನ್ನು ಹೊಸ ವಿಧಾನದಿಂದ ವಿಶ್ಲೇಷಿಸಿದರು. ತಾಯಿಯ ಓದು, ತಂದೆಯ ಓದು, ತಂದೆಯ ಉದ್ಯೋಗ, ಕುಟುಂಬದ ಆದಾಯ, ಇವು ನಾಲ್ಕೂ ಕಾಣದ ಒಂದು ಸಾಮಾಜಿಕ ಸ್ಥಿತಿಯ ಅಪೂರ್ಣ ಗುರುತುಗಳು ಎಂದು ಅವರು ಪರಿಗಣಿಸಿದರು. ಆಗ ಯೋಜನೆಯ ಪರಿಣಾಮ ಒಳ್ಳೆಯ ಕಡೆಗೆ ವಾಲಿತು. 1978ರಲ್ಲಿ ಪೀಟರ್ ಬೆಂಟ್ಲರ್ ಮತ್ತು ಜೆ. ಆರ್ಥರ್ ವುಡ್‌ವರ್ಡ್ ಅದೇ ದತ್ತಾಂಶಕ್ಕೆ ಬೇರೆ ಮಾದರಿಗಳನ್ನು ಹೊಂದಿಸಿ, ಒಳ್ಳೆಯ ಪರಿಣಾಮವಿದೆ ಎಂದು ಹೇಳಲು ಇನ್ನೂ ಆಧಾರ ಸಾಲದು ಎಂದರು. ಅಂತಿಮ ತೀರ್ಪು ಬರಲಿಲ್ಲ ನಿಜ. ಆದರೆ ಒಂದು ಮಾತು ಗಟ್ಟಿಯಾಯಿತು: ಅಳತೆಯ ದೋಷವನ್ನು ಕಡೆಗಣಿಸಿದ ಮೌಲ್ಯಮಾಪನವನ್ನು ನಂಬಿ ಯಾವ ಯೋಜನೆಗೂ ಬಾಗಿಲು ಹಾಕಬಾರದು.

ಮಕ್ಕಳು ತಮ್ಮನ್ನು ತಾವು ಕಂಡಂತೆ

ಪ್ರಶ್ನಾವಳಿಯ ಸಪ್ರಮಾಣತೆಗೆ ಈ ವಿದ್ಯೆ ಕೊಟ್ಟ ಅತಿ ಸೊಗಸಾದ ಫಲ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಬಂತು. 1976ರಲ್ಲಿ ಶಾವೆಲ್ಸನ್, ಹಬ್ನರ್ ಮತ್ತು ಸ್ಟ್ಯಾಂಟನ್ ಒಂದು ಸಿದ್ಧಾಂತ ಮುಂದಿಟ್ಟಿದ್ದರು: ವಿದ್ಯಾರ್ಥಿಯ ಸ್ವ-ಪರಿಕಲ್ಪನೆಗೆ ಹಲವು ಮುಖಗಳಿವೆ, ಓದಿಗೆ ಸಂಬಂಧಿಸಿದ ಮುಖಗಳೆಲ್ಲ ಒಂದೇ ತಾಯಿಬೇರಿಗೆ ಸೇರುತ್ತವೆ. ಸಿಡ್ನಿಯಲ್ಲಿದ್ದ ಹರ್ಬರ್ಟ್ ಮಾರ್ಷ್ ಎಂಬತ್ತರ ದಶಕದಲ್ಲಿ ಅದಕ್ಕೆ ತಕ್ಕ ಪ್ರಶ್ನಾವಳಿ ರಚಿಸಿ ದೃಢೀಕರಣ ವಿಶ್ಲೇಷಣೆಗೆ ಒಡ್ಡಿದರು. ಹಲವು ಮುಖಗಳಿವೆ ಎಂಬುದು ನಿಜವಾಯಿತು. ಒಂದೇ ತಾಯಿಬೇರು ಎಂಬುದು ನಿಲ್ಲಲಿಲ್ಲ. ಗಣಿತದಲ್ಲಿ ಹೆಚ್ಚು ಅಂಕ ಪಡೆಯುವ ಮಕ್ಕಳು ಭಾಷೆಯಲ್ಲೂ ಸಾಮಾನ್ಯವಾಗಿ ಹೆಚ್ಚು ಪಡೆಯುತ್ತಾರೆ. ಆದರೆ ‘ನಾನು ಗಣಿತದಲ್ಲಿ ಜಾಣ’ ಎಂಬ ನಂಬಿಕೆಗೂ ‘ನಾನು ಭಾಷೆಯಲ್ಲಿ ಜಾಣ’ ಎಂಬ ನಂಬಿಕೆಗೂ ಸಂಬಂಧವೇ ಇಲ್ಲವೆನ್ನುವಷ್ಟು ಕಡಿಮೆ. ಮಗು ತನ್ನ ಗಣಿತವನ್ನು ಪಕ್ಕದ ಮಗುವಿನ ಗಣಿತದ ಜೊತೆ ಹೋಲಿಸುವುದಷ್ಟೇ ಅಲ್ಲ, ತನ್ನದೇ ಭಾಷೆಯ ಓದಿನ ಜೊತೆಗೂ ಹೋಲಿಸುತ್ತದೆ ಎಂದು 1986ರಲ್ಲಿ ಮಾರ್ಷ್ ವಿವರಿಸಿದರು. ಮಾದರಿ ಸೋತ ಜಾಗದಲ್ಲಿ ಹೊಸ ತಿಳಿವು ಹುಟ್ಟಿತು.

ಅದೇ ವರ್ಷ ಅವರು ತೋರಿಸಿದ ಇನ್ನೊಂದು ಸಂಗತಿ ನಮ್ಮ ಪ್ರಶ್ನಾವಳಿಗಳಿಗೆ ನೇರವಾಗಿ ಅನ್ವಯಿಸುತ್ತದೆ. ಕಣ್ಣು ಮುಚ್ಚಿ ಒಂದೇ ಕಡೆ ಗುರುತು ಹಾಕುವವರನ್ನು ಹಿಡಿಯಲು ನಡುನಡುವೆ ನಿಷೇಧಾರ್ಥದ ಹೇಳಿಕೆ ಸೇರಿಸುವುದು ವಾಡಿಕೆ. ಚಿಕ್ಕ ಮಕ್ಕಳು, ಅದರಲ್ಲೂ ಓದು ಬಲಿಯದ ಮಕ್ಕಳು, ಇಂಥ ಹೇಳಿಕೆಯ ಮುಂದೆ ತಡವರಿಸುತ್ತಾರೆ. ‘ನಾನು ಲೆಕ್ಕದಲ್ಲಿ ದಡ್ಡನಲ್ಲ’ ಎಂಬುದಕ್ಕೆ ‘ಒಪ್ಪುವುದಿಲ್ಲ’ ಎಂದರೆ ಅರ್ಥವೇನು? ದೊಡ್ಡವರೇ ಒಂದು ಕ್ಷಣ ನಿಂತು ಯೋಚಿಸಬೇಕು. ಆ ಅಂಕ ಮಗುವಿನ ಆತ್ಮವಿಶ್ವಾಸವನ್ನಲ್ಲ, ಅದರ ಓದುವ ಶಕ್ತಿಯನ್ನು ಅಳೆಯುತ್ತಿರುತ್ತದೆ. ಮಾರ್ಷ್ ತಮ್ಮ ಮಕ್ಕಳ ಪ್ರಶ್ನಾವಳಿಯ ಅಂಕಗಳಿಂದ ಅಂಥ ಹೇಳಿಕೆಗಳನ್ನು ಕೈಬಿಟ್ಟರು.

ಅಳತೆಗೋಲು ಮುದ್ರೆಯಾದಾಗ

ಕೈ-ವರ್ಗದ ಪರೀಕ್ಷೆ ದೊಡ್ಡ ದತ್ತಾಂಶದಲ್ಲಿ ಸಣ್ಣ ಲೋಪಕ್ಕೂ ಮಾದರಿಯನ್ನು ತಿರಸ್ಕರಿಸುತ್ತದೆ. ಈ ತೊಂದರೆಗೆ ಪರಿಹಾರವಾಗಿ ಟಕರ್ ಮತ್ತು ಲೂಯಿಸ್ 1973ರಲ್ಲಿ, ಸ್ಟೈಗರ್ ಮತ್ತು ಲಿಂಡ್ 1980ರಲ್ಲಿ, ಬೆಂಟ್ಲರ್ 1990ರಲ್ಲಿ ಬೇರೆ ಬೇರೆ ಹೊಂದಾಣಿಕೆ ಸೂಚ್ಯಂಕಗಳನ್ನು ಕೊಟ್ಟರು. 1999ರಲ್ಲಿ ಹೂ ಮತ್ತು ಬೆಂಟ್ಲರ್ ಗಣಕ ಪ್ರಯೋಗಗಳ ಆಧಾರದ ಮೇಲೆ ಗಡಿರೇಖೆಗಳನ್ನು ಸೂಚಿಸಿದರು: ಹೊಂದಾಣಿಕೆ ಹೆಚ್ಚಿದಷ್ಟೂ ಏರುವ ಸಿಎಫ್ಐ 0.95ರ ಸಮೀಪವಿರಲಿ, ಹೊಂದಾಣಿಕೆ ಹೆಚ್ಚಿದಷ್ಟೂ ಇಳಿಯುವ ಆರ್‌ಎಂಎಸ್‌ಇಎ 0.06ರ ಸಮೀಪ.

ಸಮೀಪವಿರಲಿ ಎಂದು ಅವರು ಹೇಳಿದ್ದು ಬರಬರುತ್ತಾ ಕಾನೂನಾಯಿತು. 301 ಮಕ್ಕಳ ಆ ಪ್ರಸಿದ್ಧ ಮಾದರಿಯಲ್ಲಿ ಸಿಎಫ್ಐ 0.931, ಆರ್‌ಎಂಎಸ್‌ಇಎ 0.092, ಈ ಗಡಿಯಲ್ಲಿ ಅದಕ್ಕೂ ಪ್ರವೇಶವಿಲ್ಲ. ಮಾರ್ಷ್, ಹೌ ಮತ್ತು ವೆನ್ 2004ರಲ್ಲೇ ಇದನ್ನು ಬಂಗಾರದ ನಿಯಮವೆಂದು ಭಾವಿಸಬೇಡಿ ಎಂದು ಎಚ್ಚರಿಸಿದರು. ಆದರೆ ಅಷ್ಟರಲ್ಲಿ ತಂತ್ರಾಂಶಗಳು ಸುಲಭವಾಗಿದ್ದವು. ‘ಏಮಸ್’ನಲ್ಲಿ ವೃತ್ತ, ಚೌಕ, ಬಾಣಗಳನ್ನು ಪರದೆಯ ಮೇಲೆ ಎಳೆದರೆ ಸಾಕು. 2012ರ ಪ್ರಬಂಧದಲ್ಲಿ ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದ ಈವ್ ರೋಸೇಲ್ ಪರಿಚಯಿಸಿದ ‘ಲಾವಾನ್’ ಉಚಿತವಾಗಿಯೇ ಸಿಗುತ್ತದೆ. ಬಡ ವಿಶ್ವವಿದ್ಯಾಲಯದ ವಿದ್ಯಾರ್ಥಿಗೂ ಈ ವಿದ್ಯೆ ಕೈಗೆಟುಕಿದ್ದು ದೊಡ್ಡ ಒಳಿತು. ಅದರ ಬೆನ್ನಿಗೇ ಒಂದು ಕೇಡೂ ಬಂತು. ಸಿ.ಆರ್. ರಾವ್ ತತ್ವದ ಮೇಲೆ ನಿಂತ ಲೋಪಸೂಚಿಯನ್ನು ನೋಡುತ್ತಾ, ಹೊಂದದ ಪ್ರಶ್ನೆಯನ್ನು ಕಿತ್ತುಹಾಕುತ್ತಾ, ಇಲ್ಲದ ಬಾಣವನ್ನು ಸೇರಿಸುತ್ತಾ, ಸಂಖ್ಯೆ ಗಡಿ ದಾಟುವ ತನಕ ಮಾದರಿಯನ್ನು ತಿದ್ದುವ ಅಭ್ಯಾಸ ಬೆಳೆಯಿತು. ಹೀಗೆ ತಿದ್ದಿದ ಮಾದರಿ ಇನ್ನೊಂದು ಗುಂಪಿನ ಮಕ್ಕಳ ಮುಂದೆ ಕುಸಿಯಬಹುದು ಎಂದು ಮ್ಯಾಕಲಮ್ ಮತ್ತು ಸಂಗಡಿಗರು 1992ರಲ್ಲೇ ತೋರಿಸಿದ್ದರು. ಸೋಲುವ ಸಾಧ್ಯತೆಯನ್ನೇ ತೆಗೆದುಹಾಕಿದ ಪರೀಕ್ಷೆಯಲ್ಲಿ ಗೆದ್ದರೆ ಅದು ಗೆಲುವಲ್ಲ.

ಅಮೆರಿಕದ ಮೂರು ವೃತ್ತಿಪರ ಸಂಘಗಳು ಸೇರಿ 2014ರಲ್ಲಿ ಪರಿಷ್ಕರಿಸಿದ ಪರೀಕ್ಷಾ ಮಾನದಂಡಗಳು ಸಪ್ರಮಾಣತೆಗೆ ಐದು ಬಗೆಯ ಸಾಕ್ಷ್ಯ ಕೇಳುತ್ತವೆ: ಪ್ರಶ್ನೆಗಳ ವಸ್ತು, ಉತ್ತರಿಸುವಾಗ ಮನಸ್ಸಿನಲ್ಲಿ ನಡೆಯುವ ಕ್ರಿಯೆ, ಒಳರಚನೆ, ಬೇರೆ ಅಳತೆಗಳ ಜೊತೆಗಿನ ಸಂಬಂಧ, ಬಳಕೆಯ ಪರಿಣಾಮ. ರಚನಾತ್ಮಕ ಸಮೀಕರಣ ಮಾದರಿ ಮೂರನೆಯದಕ್ಕೆ ಗಟ್ಟಿ ಸಾಕ್ಷಿ, ನಾಲ್ಕನೆಯದಕ್ಕೆ ಒಳ್ಳೆಯ ಸಾಕ್ಷಿ. ಉಳಿದ ಮೂರಕ್ಕೆ ಅದು ಸಾಕ್ಷಿ ನುಡಿಯಲಾರದು.

ಕರ್ನಾಟಕದ ಸಂಶೋಧನಾ ವಿದ್ಯಾರ್ಥಿಗಳಿಗೆ, ಅವರ ಮಾರ್ಗದರ್ಶಕರಿಗೆ ಈ ಚರಿತ್ರೆಯಿಂದ ಸ್ಪಷ್ಟವಾದ ಕೆಲವು ಕರ್ತವ್ಯಗಳು ಕಾಣುತ್ತವೆ. ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಪ್ರಶ್ನಾವಳಿಗೆ ಮೂಲದ ಆಲ್ಫಾವನ್ನು ಎರವಲು ತರಬೇಡಿ. ಇಲ್ಲಿನ ಮಕ್ಕಳ ಮುಂದೆ ಹೊಸದಾಗಿ ಪರೀಕ್ಷಿಸಿ. ಬೀದರಿನ ಮಗುವಿಗೂ ಮಂಗಳೂರಿನ ಮಗುವಿಗೂ, ಕನ್ನಡ ಮಾಧ್ಯಮಕ್ಕೂ ಇಂಗ್ಲಿಷ್ ಮಾಧ್ಯಮಕ್ಕೂ ಪ್ರಶ್ನೆ ಒಂದೇ ಅರ್ಥ ಕೊಡುತ್ತದೆಯೇ ಎಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು; ಬಹುಗುಂಪು ವಿಶ್ಲೇಷಣೆಯನ್ನು ಯೋರೆಸ್ಕೋಗ್ 1971ರಲ್ಲೇ ಕೊಟ್ಟಿದ್ದಾರೆ. ಅದನ್ನು ಮಾಡದೆ ಸರಾಸರಿಗಳನ್ನು ಹೋಲಿಸಬೇಡಿ. ಮಾದರಿಯನ್ನು ದತ್ತಾಂಶ ನೋಡುವ ಮೊದಲೇ ಬರೆದಿಡಿ. ಸೋತ ಮಾದರಿಯನ್ನೂ ಪ್ರಬಂಧದಲ್ಲಿ ವರದಿ ಮಾಡಿ. ಮಾರ್ಗದರ್ಶಕರೇ, ಗಡಿ ದಾಟದ ಸಂಖ್ಯೆಯನ್ನು ಪ್ರಾಮಾಣಿಕವಾಗಿ ಬರೆದ ವಿದ್ಯಾರ್ಥಿಯನ್ನು ಹಿಂದಕ್ಕೆ ಕಳಿಸಬೇಡಿ.

ಎಲ್ಲಕ್ಕಿಂತ ಮೊದಲು, ಮುನ್ನೂರು ಪ್ರತಿ ಅಚ್ಚು ಹಾಕಿಸುವ ಮುನ್ನ, ನಾಲ್ಕಾರು ಮಕ್ಕಳ ಪಕ್ಕ ಕುಳಿತು ಒಂದೊಂದೇ ಹೇಳಿಕೆಯನ್ನು ಓದಿಸಿ, ‘ಇದರಿಂದ ನಿನಗೇನು ಅರ್ಥವಾಯಿತು?’ ಎಂದು ಕೇಳಿ. ಆ ಸಾಕ್ಷ್ಯವನ್ನು ಯಾವ ತಂತ್ರಾಂಶವೂ ಕೊಡುವುದಿಲ್ಲ, ಅದಿಲ್ಲದ ಯಾವ ಪ್ರಶ್ನಾವಳಿಯೂ ಸಪ್ರಮಾಣವಲ್ಲ.